ಎರಡು ಸಾಲು ಹೊಲಿಗೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಇರಲಿ ಬಿಡಿ. ಇಪ್ಪತ್ತೇಳು ವರ್ಷದಿಂದ ಶರ್ಟಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿರುವವಳಿಗೆ ಕೋಪ ಇನ್ನೆಲ್ಲಿರಬೇಕು? ಉದ್ದ ಮೇಜಿನ ಮೇಲೆ ನೂರು ಪದರ ಬಟ್ಟೆ ಹಾಸಿ, ಮೇಲಿನ ಪದರಕ್ಕೆ ಗುರುತು ಹಾಕಿ, ನೂರನ್ನೂ ಒಂದೇ ಸಲಕ್ಕೆ ಕತ್ತರಿಸುವುದು ನನ್ನ ಕೆಲಸ. ಕೈ ಕೂದಲೆಳೆಯಷ್ಟು ಆಚೀಚೆಯಾದರೆ ಹಾಳಾಗುವುದು ಒಂದು ಶರ್ಟಲ್ಲ, ನೂರು. ಅಂಥ ಮೇಜಿನ ಮುಂದೆ ಹಲ್ಲು ಕಿರಿದುಕೊಂಡು ನಿಲ್ಲುವವರನ್ನು ನಾನಂತೂ ನಂಬುವುದಿಲ್ಲ. ಹೊಲಿಗೆ ವಿಭಾಗದ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಕತ್ತರಿಯಮ್ಮ ಎನ್ನುತ್ತಾರೆ. ಎದುರಿಗೆ ಬಂದರೆ ಬಾಯಿ ತುಂಬ ಮೇಡಂ.

ಇಷ್ಟು ಜಂಬ ಯಾಕೆ ಕೊಚ್ಚಿಕೊಂಡೆನೆಂದರೆ, ಈಗ ಹೇಳಹೊರಟಿರುವುದು ನಾನೇ ಕೈಯಾರೆ ಹಾಳುಮಾಡಿದ ಮೂವತ್ತಾರು ಕಾಗದದ ಹೃದಯಗಳ ವಿಷಯ.

ನನ್ನ ತಂಗಿಗೆ ಹೃದಯದ ಕವಾಟ ಕೆಟ್ಟಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಕೊನೆಗೆ ಎದೆಯ ಮೂಳೆ ಸೀಳಿ ಆಪರೇಷನ್ ಮಾಡಿ, ಕವಾಟ ಬದಲಿಸಿ, ಮನೆಗೆ ಕಳಿಸಿದರು. ಅವಳ ಗಂಡ ಲಾರಿ ಓಡಿಸುತ್ತಾನೆ. ಒಮ್ಮೆ ಹೊರಟನೆಂದರೆ ಹತ್ತು ಹನ್ನೆರಡು ದಿನ ಪತ್ತೆಯಿಲ್ಲ. ಇದ್ದಬದ್ದ ರಜೆಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದು, ತಂಗಿ ಮನೆ ಸೇರಿದ ಮೂರನೆಯ ದಿನ ಕಣ್ಣೊರೆಸಿಕೊಂಡು ಮತ್ತೆ ಲಾರಿ ಹತ್ತಿದ. ನಾನಂತೂ ಅವಳು ಆಸ್ಪತ್ರೆ ಸೇರಿದ ದಿನವೇ ಒಂದು ಚೀಲ ಬಟ್ಟೆ, ನನ್ನ ಹೊಲಿಗೆ ಮಿಷನ್ನು ಎರಡನ್ನೂ ಬಾಡಿಗೆ ಗಾಡಿಗೆ ಹಾಕಿಕೊಂಡು ಅವರ ಮನೆಗೆ ಬಂದು ತಳವೂರಿದ್ದೆ. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಮಿಷನ್ನಿಗೆ ಅಡುಗೆಮನೆಯ ಕಿಟಕಿ ಪಕ್ಕ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಆಸ್ಪತ್ರೆಯಿಂದ ಬಂದ ತಂಗಿ, ಇದನ್ನು ಯಾಕೆ ಹೊತ್ತುಕೊಂಡು ಬಂದೆ ಎಂದು ಕೇಳಿದ್ದಕ್ಕೆ, ಗಂಡನಿಲ್ಲದೆ ಬದುಕಿದ್ದೇನೆ, ಮಿಷನ್ನಿಲ್ಲದೆ ಆಗುವುದಿಲ್ಲ ಎಂದೆ. ನಕ್ಕಳು. ನಕ್ಕರೆ ಎದೆ ನೋಯುತ್ತದೆ ಎಂದು ಒಂದು ದಿಂಬನ್ನು ಅವುಚಿಕೊಂಡು ನಕ್ಕಳು.

ಅವಳಿಗೊಬ್ಬಳು ಮಗಳು, ಏಳು ವರ್ಷದವಳು. ಹುಟ್ಟಿದಾಗ ಅಂಗೈಯಗಲ ಇದ್ದದ್ದಕ್ಕೆ ನಾನೇ ಬಟಾಣಿ ಎಂದು ಕರೆದೆ, ಅದೇ ಉಳಿಯಿತು. ಬಟಾಣಿಗೆ ನಾನು ಬಂದದ್ದು ಖುಷಿಯೋ ಖುಷಿ, ಯಾಕೆಂದರೆ ದೊಡ್ಡಮ್ಮ ಬಂದಳೆಂದರೆ ಸ್ಟಿಕ್ಕರ್ ಬಂತು. ನಮ್ಮ ಕಾರ್ಖಾನೆಯ ಚೆಕಿಂಗ್ ಮೇಜಿನವರ ಹತ್ತಿರ ಎರಡು ಬಗೆಯ ಸ್ಟಿಕ್ಕರ್ ಸುರುಳಿ ಇರುತ್ತವೆ. ಹಸಿರು ದುಂಡನೆಯದು ಅಂಟಿದರೆ ಆ ಶರ್ಟು ಪಾಸು. ಕೆಂಪು ಬಾಣದ್ದು ಅಂಟಿದರೆ ತಪ್ಪು. ಹೊಲಿಗೆ ಎಲ್ಲಿ ಸಡಿಲವೋ ಅಲ್ಲಿಗೇ ಬಾಣದ ಮೊನೆ ತೋರುವಂತೆ ಅಂಟಿಸಿರುತ್ತಾರೆ. ಮುಗಿದ ಸುರುಳಿಯ ತುದಿಯಲ್ಲಿ ಉಳಿದ ಚೂರುಪಾರುಗಳನ್ನು ನಾನು ಇವಳಿಗೆ ತಂದುಕೊಡುತ್ತಿದ್ದೆ. ಅವಳು ಮನೆಯಿಡೀ ತಪಾಸಣೆ ಮಾಡುತ್ತಿದ್ದಳು. ನನ್ನ ಪಲ್ಯಕ್ಕೆ ಕೆಂಪು ಬಾಣ. ಅಪ್ಪನ ಚಪ್ಪಲಿಗೆ ಕೆಂಪು ಬಾಣ. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ತಾತನ ಬೋಳುತಲೆಗೆ ಮಾತ್ರ ಹಸಿರು. ಆ ಪುಣ್ಯಾತ್ಮ ಅದನ್ನು ಅಂಟಿಸಿಕೊಂಡೇ ಹಾಲು ತರಲು ಹೋಗಿದ್ದ.

ನಾನು ಸಂಜೆ ಕೆಲಸದಿಂದ ಬಂದವಳು ಕೈಕಾಲು ತೊಳೆಯುವುದಕ್ಕೂ ಮುಂಚೆ ಆ ದಿನದ ಕೋಪವನ್ನು ಕಕ್ಕಬೇಕು, ಇಲ್ಲದಿದ್ದರೆ ಊಟ ಸೇರುವುದಿಲ್ಲ. ಚೆಕಿಂಗ್‌ನಲ್ಲಿ ಬಿದ್ದುಹೋದ ಶರ್ಟು ಒಂದೆರಡು ಚೀಲದಲ್ಲಿರುತ್ತಿದ್ದವು, ಒರೆಸುವ ಬಟ್ಟೆಗೆ ಆಗುತ್ತದೆಂದು ತರುತ್ತಿದ್ದೆ. ಅವನ್ನು ಮೇಜಿನ ಮೇಲೆ ಎಸೆದು, ಕಂಕುಳ ಹೊಲಿಗೆಗೆ ಎರಡು ಬೆರಳು ಹಾಕಿ ಎಳೆದು ತೋರಿಸುತ್ತಿದ್ದೆ. ಪರಪರ ಎಂದು ಬಾಯಿ ಬಿಡುತ್ತಿತ್ತು. ಈಗಿನ ಕಾಲದ ಹೊಲಿಗೆಯೇ ಇಷ್ಟು, ಮುಟ್ಟಿದರೆ ಬಿಚ್ಚಿಕೊಳ್ಳುತ್ತದೆ, ನಂಬಿದವರು ಕೆಟ್ಟರು ಎಂದು ಹೊಲಿದವಳ ಮೂರು ತಲೆಮಾರನ್ನು ಜಾಲಾಡುತ್ತಿದ್ದೆ. ತಂಗಿ ಹೂಂಗುಟ್ಟುತ್ತಿದ್ದಳು. ಬಟಾಣಿ ಮೇಜಿನ ಅಂಚಿಗೆ ಗದ್ದ ಊರಿಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನನಗೆ ಅದೊಂದು ಹೆಮ್ಮೆ ಬೇರೆ, ಹುಡುಗಿಗೆ ನನ್ನ ಕೆಲಸದಲ್ಲಿ ಆಸಕ್ತಿ ಇದೆ ಎಂದು.

ತಂಗಿ ಆಸ್ಪತ್ರೆಯಿಂದ ಬಂದ ದಿನ ಒಂದು ಘಟನೆ ನಡೆದಿತ್ತು. ಹದಿನೈದು ದಿನ ಅಮ್ಮನನ್ನು ಕಾಣದ ಮಗು ಬಾಗಿಲಲ್ಲಿ ಅವಳನ್ನು ಕಂಡದ್ದೇ ಓಡಿ ಬಂತು. ತಂಗಿ ಹೆದರಿ ಎರಡೂ ಕೈ ಅಡ್ಡ ಹಿಡಿದು, ಬೇಡ, ಬೇಡ, ಮುಟ್ಟಬೇಡ ಎಂದು ಕೂಗಿಬಿಟ್ಟಳು. ಮಗು ಗಕ್ಕನೆ ನಿಂತಿತು. ಆಮೇಲೆ ತಂಗಿ ಎಷ್ಟು ಕರೆದರೂ ಹತ್ತಿರ ಬರಲಿಲ್ಲ. ಅದೇ ಸಂಜೆ ನಾನು ತಂಗಿಯ ಬಟ್ಟೆ ಬದಲಿಸುವಾಗ ಬಾಗಿಲ ಸಂದಿಯಲ್ಲಿ ಎರಡು ಕಣ್ಣು ಇಣುಕಿದ್ದವು. ಕುತ್ತಿಗೆಯ ಬುಡದಿಂದ ಎದೆಗೂಡಿನ ಕೆಳಗಿನವರೆಗೆ ಇಳಿದ ಆ ಗೆರೆಯನ್ನು ಅವು ಪೂರ್ತಿಯಾಗಿ ನೋಡಿಯೇ ಬಾಗಿಲಿನಿಂದ ಸರಿದವು.

ಮಾರನೆಯ ದಿನ ತಂಗಿಯ ನೈಟಿಯ ಕತ್ತಿನ ಹತ್ತಿರ ಒಂದು ಕೆಂಪು ಬಾಣ, ಮೊನೆ ಎದೆಯ ಕಡೆಗೆ. ತಂಗಿ ಮೊದಲು ನಕ್ಕಳು, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಆಟಕ್ಕೂ ಒಂದು ಮಿತಿ ಇರುತ್ತದೆ ಎಂದು ನಾನು ಬಟಾಣಿಯನ್ನು ಬೈದೆ. ಅದರ ಮಾರನೆಯ ದಿನ ದಿಂಬಿನ ಮೇಲೆ ಇನ್ನೊಂದು ಬಾಣ, ಮತ್ತೆ ಅದೇ ದಿಕ್ಕಿಗೆ. ಆಗ ಸ್ಟಿಕ್ಕರ್ ಸುರುಳಿಗಳನ್ನೆಲ್ಲ ಕಿತ್ತುಕೊಂಡು ಬೀರುವಿನ ಮೇಲಿಟ್ಟೆ. ಅವಳು ಅಳಲಿಲ್ಲ, ಕೊಡು ಎಂದು ಕಾಡಲೂ ಇಲ್ಲ. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಹೀಗೆ ಎರಡು ವಾರ ಕಳೆಯಿತು. ಅಮ್ಮ ಈ ಕೋಣೆಗೆ ಬಂದರೆ ಮಗಳು ಆ ಕೋಣೆಗೆ. ಅಮ್ಮ ಮೇಜಿನ ಈ ತುದಿಗೆ ಕೂತರೆ ಮಗಳು ಆ ತುದಿಗೆ. ನೀರು ಕೇಳಿದರೆ ಲೋಟವನ್ನು ಮೇಜಿನ ಮೇಲೆ ತಳ್ಳಿ ಹೋಗುತ್ತಿದ್ದಳು. ಶನಿವಾರ ಬೆಳಿಗ್ಗೆ ತಂಗಿಯ ತಲೆ ಬಾಚುತ್ತಿದ್ದಾಗ ಅವಳು ಕನ್ನಡಿಯೊಳಗಿಂದ ನನ್ನನ್ನು ನೋಡಿ ಹೇಳಿದಳು:

"ಅಕ್ಕಾ, ನಾನು ಈ ಆಪರೇಷನ್ ಮಾಡಿಸ್ಕೊಂಡಿದ್ದೇ ಅವಳಿಗೋಸ್ಕರ. ಈಗ ಅವಳೇ ನನ್ನ ಕಂಡ್ರೆ ಓಡ್ತಾಳೆ. ಹೀಗಾಗುತ್ತೆ ಅಂತ ಗೊತ್ತಿದ್ರೆ ಹಾಗೇ ಇದ್ದುಬಿಡ್ತಿದ್ದೆ."

ನನಗೆ ಮುದ್ದುಮಾತು ಬರುವುದಿಲ್ಲ. ಹುಚ್ಚುಚ್ಚಾಗಿ ಮಾತಾಡಬೇಡ, ತಲೆ ಅಲ್ಲಾಡಿಸಬೇಡ ಎಂದು ಗದರಿಸಿ ಜಡೆ ಬಿಗಿಯಾಗಿ ಹೆಣೆದೆ.

ಭಾನುವಾರ ಬಟಾಣಿ ಶಾಲೆಯ ಚೀಟಿಯೊಂದನ್ನು ತಂದು ನನ್ನ ಮುಂದೆ ಹಿಡಿದಳು. ಸೋಮವಾರ ತರಗತಿಯಲ್ಲಿ ಗೆಳೆತನದ ದಿನವಂತೆ. ಪ್ರತಿಯೊಂದು ಮಗುವೂ ಉಳಿದ ಎಲ್ಲರಿಗೂ ಕಾಗದದ ಒಂದೊಂದು ಹೃದಯ ಮಾಡಿಕೊಂಡು ಬರಬೇಕು. ಜೊತೆಗೆ ಹೃದಯದ ಆಕಾರದ ಏನಾದರೂ ತಿಂಡಿ. ಮಕ್ಕಳು ಮೂವತ್ತನಾಲ್ಕು, ಟೀಚರ್ ಒಬ್ಬರು, ಮತ್ತೆ ಮನೆಯಲ್ಲಿ ಇಷ್ಟವಾದ ಒಬ್ಬರಿಗೆ ಒಂದು, ಒಟ್ಟು ಮೂವತ್ತಾರು. ಮನೆಯದು ಯಾರಿಗೆ ಎಂದು ಕೇಳಿದೆ. ಬಟಾಣಿ ಪೆನ್ಸಿಲ್ ಕಚ್ಚಿದಳು. ಚೀಟಿ ಬಂದದ್ದು ಬುಧವಾರ, ತೋರಿಸಿದ್ದು ಭಾನುವಾರ. ಬೈಯಲು ಬಾಯಿ ತೆರೆದವಳು, ಮನೆಯ ಪರಿಸ್ಥಿತಿ ನೆನೆದು ಮುಚ್ಚಿಕೊಂಡೆ.

ಮೊದಲು ಬಿಸ್ಕತ್ತು. ಬೆಣ್ಣೆ, ಸಕ್ಕರೆ, ಹಿಟ್ಟು ನಾದಿ ಲಟ್ಟಿಸಿದೆ. ಹೃದಯದ ಅಚ್ಚು ಮನೆಯಲ್ಲಿರಲಿಲ್ಲ. ಅಚ್ಚು ಯಾಕೆ, ನಾನಿಲ್ಲವೇ? ರಟ್ಟಿನಲ್ಲಿ ಅಚ್ಚುಕಟ್ಟಾದ ಪ್ಯಾಟರ್ನ್ ಕತ್ತರಿಸಿ ಹಿಟ್ಟಿನ ಮೇಲಿಟ್ಟು ಚಾಕುವಿನಿಂದ ಸುತ್ತ ಕೊರೆದೆ. ಬಟ್ಟೆಯಲ್ಲಾದರೆ ಹೊಲಿಗೆಯೊಳಗೆ ಹೋಗುವುದಕ್ಕೆಂದು ಸುತ್ತಲೂ ಅರ್ಧ ಬೆರಳು ಮಾರ್ಜಿನ್ ಬಿಡಬೇಕು. ಕೈಗೆ ಅಭ್ಯಾಸ ನೋಡಿ, ಬಿಸ್ಕತ್ತಿಗೂ ಬಿಟ್ಟೆ. ಮೊದಲೇ ದಪ್ಪಗಿದ್ದ ಹೃದಯಗಳು ಒಲೆಯ ಕಾವಿಗೆ ಇನ್ನಷ್ಟು ಹರಡಿ, ಒಂದರ ಭುಜ ಇನ್ನೊಂದಕ್ಕೆ ಅಂಟಿ, ತಟ್ಟೆಯ ತುಂಬ ಒಂದೇ ಹಾಳೆಯಾದವು. ಬಟಾಣಿ ಬಗ್ಗಿ ನೋಡಿ, ಇವು ಬದನೆಕಾಯಿಗಳ ಸಂತೆ ಎಂದು ತೀರ್ಪು ಕೊಟ್ಟಳು.

ಬೆಣ್ಣೆಯ ವಾಸನೆಗೆ ತಂಗಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅವಳು ಕೆಟಲ್ ಕೂಡ ಎತ್ತುವ ಹಾಗಿಲ್ಲ, ಬಾಯಿ ಮಾತ್ರ ಓಡಿಸಬಹುದು. ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಕೊರೆದರೆ ಹರಡುವುದಿಲ್ಲ ಎಂದಳು. ಬಟಾಣಿ ಬಿಸಿ ಬಿಸ್ಕತ್ತಿಗೆ ಬೆರಳು ಹಾಕಲು ಹೋದಾಗ, ಈಗ ಮುಟ್ಟಿದರೆ ಪುಡಿಯಾಗುತ್ತದೆ, ಆರಲಿ, ಆರಿದ ಮೇಲೆ ತಾನಾಗಿ ಗಟ್ಟಿಯಾಗುತ್ತದೆ ಎಂದು ಮೆತ್ತಗೆ ಹೇಳಿದಳು. ಹೇಳುತ್ತಾ ಬೆಂಚಿನ ಮೇಲೆ ಕೂತಳು. ಕೂತದ್ದೇ ತಡ, ಬಟಾಣಿ ಎದ್ದು ಕಿಟಕಿ ಪಕ್ಕಕ್ಕೆ, ಮಿಷನ್ನಿನ ಹಿಂದಕ್ಕೆ ಹೋಗಿ ನಿಂತಳು. ತಂಗಿ ತನ್ನ ಕೈ ನೋಡಿಕೊಂಡು, ಸುಸ್ತಾಗುತ್ತದೆ ಎಂದು ಎದ್ದುಹೋದಳು. ಸುಸ್ತೂ ಅಲ್ಲ, ಮಣ್ಣೂ ಅಲ್ಲ. ನನಗೆ ಮಗುವಿನ ಮೇಲೆ ಸಿಟ್ಟು ಬಂತು. ಏಳು ವರ್ಷದ್ದಕ್ಕೆ ಇಷ್ಟು ಕಲ್ಲು ಮನಸ್ಸೇ ಎಂದುಕೊಂಡೆ. ಆ ಸಿಟ್ಟಿನಲ್ಲೇ ಹಿಟ್ಟನ್ನು ಫ್ರಿಜ್ಜಿಗೆ ತಳ್ಳಿ, ಕೆಂಪು ಕಾಗದ ಎಳೆದುಕೊಂಡೆ.

ಮೂವತ್ತಾರು ಹಾಳೆ ಇದ್ದವು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ಮುಟ್ಟಿಸಿದರೆ ಹರಿತ ಹೋಗುತ್ತದೆ, ಅದನ್ನು ನಾನು ಸತ್ತರೂ ಮಾಡುವವಳಲ್ಲ. ಪ್ಯಾಟರ್ನ್ ಕಾಗದಕ್ಕೆಂದೇ ಇಟ್ಟುಕೊಂಡ ಹಳೆಯ ಕತ್ತರಿ ತೆಗೆದೆ. ಎಲ್ಲ ಹಾಳೆಗಳನ್ನೂ ಮಧ್ಯಕ್ಕೆ ಮಡಿಚಿ, ಆರಾರರ ಆರು ಕಟ್ಟು ಮಾಡಿ, ಮೇಜಿಗೆ ತಟ್ಟಿ ಅಂಚು ಸಮ ಮಾಡಿ, ಕ್ಲಿಪ್ಪು ಹಾಕಿದೆ. ಅರ್ಧ ಹೃದಯದ ಪ್ಯಾಟರ್ನ್ ತೆಗೆದು ಅದರ ನೇರ ಗೆರೆಯನ್ನು ಬಿಡಿ ಅಂಚಿಗೆ ಕೂಡಿಸಿದೆ.

"ದೊಡ್ಡಮ್ಮ, ಟೀಚರು ಮಡಿಚಿದ ಕಡೆ ಇಟ್ಕೋಬೇಕು ಅಂದಿದ್ರು," ಎಂದಳು ಬಟಾಣಿ ಮಿಷನ್ನಿನ ಹಿಂದಿನಿಂದ.

"ನಿಮ್ಮ ಟೀಚರು ಇದುವರೆಗೆ ಎಷ್ಟು ಶರ್ಟು ಕತ್ತರಿಸಿದಾರೆ?" ಎಂದೆ.

ನಾನು ಆರೂ ಕಟ್ಟನ್ನು ಒಂದರ ಹಿಂದೊಂದು, ಬೆಣ್ಣೆ ಕೊಯ್ದ ಹಾಗೆ ಕೊಯ್ದೆ. ಪೂರ್ತಿ ಮುಗಿಯುವವರೆಗೆ ಒಂದನ್ನೂ ಬಿಡಿಸಿ ನೋಡಲಿಲ್ಲ. ಕಾರ್ಖಾನೆಯಲ್ಲಿ ಕತ್ತರಿಸುವ ನಡುವೆ ಪದರ ಎತ್ತಿ ನೋಡುವವರು ಕೆಲಸ ಬಾರದವರು. ಆಮೇಲೆ ಕ್ಲಿಪ್ಪು ತೆಗೆದು, ಮೊದಲನೆಯದನ್ನು ಬಿಡಿಸಿದೆ. ಬಿಡಿಸಲು ಏನೂ ಇರಲಿಲ್ಲ. ಅರ್ಧ ಹೃದಯ ಈ ಕೈಯಲ್ಲಿ, ಇನ್ನರ್ಧ ಆ ಕೈಯಲ್ಲಿ.

ನಮ್ಮಲ್ಲಿ ಬಟ್ಟೆಗೆ ಮಡಿಕೆ ಎಂಬುದೇ ಇಲ್ಲ, ಪದರದ ಮೇಲೆ ಪದರ ಹಾಸುತ್ತೇವೆ. ಎಲ್ಲ ಪದರಗಳ ಬಿಡಿ ಅಂಚು ಒಂದು ಕಡೆ ಸಮ ಮಾಡಿ, ಪ್ಯಾಟರ್ನಿನ ನೇರ ಗೆರೆಯನ್ನು ಅಲ್ಲಿಗೇ ಕೂಡಿಸುತ್ತೇವೆ. ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಏಳು ವರ್ಷದ ಮಗುವಿಗೂ ಗೊತ್ತಿದ್ದ ವಿಷಯದಲ್ಲಿ ಕತ್ತರಿಯಮ್ಮ ಮುಗ್ಗರಿಸಿದ್ದಳು. ಮೇಜಿನ ಮೇಲೆ ಎಪ್ಪತ್ತೆರಡು ಅರ್ಧ ಹೃದಯ. ಕಾಗದದ ಅಂಗಡಿಗೆ ಭಾನುವಾರ ರಜೆ. ಬಟಾಣಿಯ ಕೆಳತುಟಿ ನಿಧಾನವಾಗಿ ಮುಂದೆ ಬರತೊಡಗಿತು.

ನೀನು ಹೇಳಿದ್ದೇ ಸರಿ, ತಪ್ಪು ನನ್ನದು ಎಂದೆ. ಇದನ್ನು ನಾನು ಎಷ್ಟು ವರ್ಷಕ್ಕೊಮ್ಮೆ ಹೇಳುತ್ತೇನೆ ಎಂಬುದು ಅವಳಿಗೆ ತಿಳಿದಿರಲಿಲ್ಲ, ಪಾಪ. ಅಂಟು ಹಚ್ಚಿದರೆ ಕಾಗದ ಸುಕ್ಕಾಗುತ್ತದೆ, ಮಿಷನ್ ಇರುವಾಗ ಅಂಟು ಯಾಕೆ, ಹೊಲಿದುಬಿಡೋಣ ಎಂದೆ. ಅವಳು ಮಿಷನ್ನಿನ ಪಕ್ಕದಿಂದ ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಅದನ್ನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ. ಕೆಂಪು ರೀಲು ಏರಿಸಿ, ಎರಡು ಅರ್ಧಗಳನ್ನು ಒಂದರ ಮೇಲೊಂದು ಚೂರೇ ಚೂರು ಏರಿಸಿ, ಶರ್ಟಿಗೆ ಹಾಕುವ ಸಣ್ಣ ಹೊಲಿಗೆಯನ್ನೇ ಓಡಿಸಿದೆ. ಚೆಂದ ಕಂಡಿತು. ಹಿಡಿದು ನೋಡು ಎಂದು ಅವಳ ಕೈಗೆ ಕೊಟ್ಟೆ.

ಬಟಾಣಿ ಎರಡೂ ಬದಿ ಹಿಡಿದು, ನಾನು ಸಂಜೆ ಸಂಜೆ ಶರ್ಟು ಎಳೆಯುತ್ತಿದ್ದ ಹಾಗೆಯೇ ಎಳೆದಳು. ಹತ್ತಿರ ಹತ್ತಿರ ಬಿದ್ದ ಸೂಜಿಯ ತೂತುಗಳ ಸಾಲಿನಲ್ಲೇ, ಅಂಚೆ ಚೀಟಿ ಹರಿದಂತೆ, ಹೃದಯ ಪರ್ ಎಂದು ಎರಡಾಯಿತು.

ಅವಳು ಅಳಲಿಲ್ಲ. ಇದು ಹೀಗೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳಂತೆ ಎರಡು ತುಂಡನ್ನೂ ಮೇಜಿನ ಮೇಲಿಟ್ಟಳು.

"ಬಿಟ್ಕೊಳ್ತು. ಅಮ್ಮಂದೂ ಹೀಗೇ ಬಿಟ್ಕೊಳ್ಳುತ್ತೆ ಅಲ್ವಾ ದೊಡ್ಡಮ್ಮ? ನಾನು ಮುಟ್ಟಿದ್ರೆ?"

ನನ್ನ ಕಾಲು ಪೆಡಲ್ಲಿನ ಮೇಲೆ ಹಾಗೇ ನಿಂತಿತು. ಯಾರು ಹೇಳಿದ್ದು ನಿನಗೆ ಎಂದು ಕೇಳಿದೆ.

"ನೀನೇ ಹೇಳ್ತೀಯಲ್ಲ ದಿನಾ. ಮುಟ್ಟಿದ್ರೆ ಬಿಚ್ಕೊಳ್ಳುತ್ತೆ, ನಂಬಬಾರ್ದು ಅಂತ. ಅಮ್ಮನೂ ಮುಟ್ಟಬೇಡ ಅಂದ್ಲು. ನಾನು ಬಾಣ ಹಚ್ಚಿದ್ದೆ, ಯಾರಾದ್ರೂ ನೋಡಿ ಸರಿ ಮಾಡ್ಲಿ ಅಂತ. ನೀನು ಕಿತ್ತುಹಾಕಿದೆ."

ಎರಡು ವಾರದಿಂದ ಈ ಮಗು ಆಟವಾಡಿರಲಿಲ್ಲ, ನಮ್ಮ ಚೆಕಿಂಗ್ ಮೇಜಿನವರು ಮಾಡುವ ಕೆಲಸವನ್ನೇ ಮಾಡಿತ್ತು. ಹೊಲಿಗೆ ಎಲ್ಲಿ ಬಿಡಬಹುದೋ ಅಲ್ಲಿಗೆ ಬಾಣದ ಮೊನೆ ತೋರಿಸಿ, ದೊಡ್ಡವರು ನೋಡಲಿ ಎಂದು ಕಾದಿತ್ತು. ನಾವು ನೋಡದೇ ಹೋದಾಗ, ತನ್ನಿಂದಾಗಿ ಅಮ್ಮ ಬಿಚ್ಚಿಕೊಳ್ಳದಿರಲಿ ಎಂದು ದೂರ ಸರಿದು ನಿಂತಿತ್ತು. ಕಲ್ಲು ಮನಸ್ಸು ಎಂದುಕೊಂಡೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು. ಆ ಹೆದರಿಕೆಯನ್ನು ಅದರ ತಲೆಯೊಳಗೆ ದಿನಕ್ಕೊಂದು ಶರ್ಟಿನಂತೆ ತುಂಬಿದವಳು ನಾನೇ.

ಬೇರೆ ಯಾರಾದರೂ ಆಗಿದ್ದರೆ ಮಗುವನ್ನು ತಬ್ಬಿಕೊಂಡು ಸಮಾಧಾನ ಹೇಳುತ್ತಿದ್ದರು. ನನಗೆ ಬರುವುದು ಹೊಲಿಗೆಯೊಂದೇ. ಬಾ ಇಲ್ಲಿ, ಕೂತ್ಕೋ, ನೋಡು ಎಂದೆ. ಈ ಹೊಲಿಗೆ ಬಿಟ್ಟದ್ದು ಹೊಲಿಗೆಯ ತಪ್ಪಲ್ಲ, ನನ್ನ ತಪ್ಪು ಎಂದು ತೋರಿಸಿದೆ. ಕಾಗದಕ್ಕೆ ತೂತು ಹತ್ತಿರ ಹತ್ತಿರ ಬೀಳಬಾರದು, ಅದಕ್ಕೆ ಉದ್ದ ಹೊಲಿಗೆ ಬೇಕು. ಒಂದರ ಮೇಲೊಂದು ಬೆರಳಗಲ ಏರಿಸಬೇಕು. ಒಂದು ಸಾಲಲ್ಲ, ಎರಡು ಸಾಲು ಹಾಕಬೇಕು. ಹೊಲಿಗೆ ಉದ್ದ ಮಾಡುವ ಮಿಷನ್ನಿನ ಗುಂಡಿಯನ್ನು ಅವಳ ಬೆರಳಿನಿಂದಲೇ ತಿರುಗಿಸಿದೆ. ಅವಳು ಕಾಗದ ಹಿಡಿದಳು, ನಾನು ಪೆಡಲ್ ತುಳಿದೆ. ಸಾಲು ಒಂದು. ತಿರುಗಿಸಿ ಸಾಲು ಎರಡು. ದಾರ ಕಡಿದು ಅವಳ ಕೈಗೆ ಕೊಟ್ಟು, ಎಳೆ ಎಂದೆ.

ಮೆಲ್ಲಗೆ ಎಳೆದಳು. ಜೋರಾಗಿ ಎಳೆದಳು. ಒಂದು ತುದಿ ಹಲ್ಲಿಗೆ ಕಚ್ಚಿ, ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಕೊನೆಗೆ ಹೃದಯದ ಒಂದು ಕಿವಿ ಹರಿದು ಬಾಯಲ್ಲಿ ಉಳಿಯಿತು. ಅವಳು ಅದನ್ನು ಉಗಿದು, ಉಳಿದದ್ದನ್ನು ಬೆಳಕಿಗೆ ಹಿಡಿದು ನೋಡಿದಳು. ಕಾಗದ ಹರಿದಿತ್ತು. ಎರಡು ಸಾಲು ಹೊಲಿಗೆ ಇದ್ದಲ್ಲೇ ಇತ್ತು.

"ಹಾಗಿದ್ರೆ ನೀನು ತರೋ ಶರ್ಟು ಯಾಕೆ ಎಲ್ಲಾ ಬಿಚ್ಕೊಳ್ಳುತ್ತೆ?"

"ಬಿಚ್ಕೊಳ್ಳೋದನ್ನ ಮಾತ್ರ ನಾನು ಮನೆಗೆ ತರೋದು ಕಣೆ. ಗಟ್ಟಿ ಇರೋದನ್ನ ತರೋದೇ ಇಲ್ಲ. ಅದೆಲ್ಲ ಜನರ ಮೈಮೇಲಿರುತ್ತೆ."

ಇಷ್ಟು ಸರಳವಾದ ವಿಷಯವನ್ನು ನಾನೂ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ದಿನಕ್ಕೆ ಸಾವಿರ ಶರ್ಟು ಪಾಸಾಗಿ ಹೋಗುತ್ತವೆ. ಅವುಗಳ ಬಗ್ಗೆ ನಾನು ಮನೆಯಲ್ಲಿ ಒಂದು ದಿನವಾದರೂ ಒಂದು ಒಳ್ಳೆಯ ಮಾತು ಆಡಿದ್ದುಂಟೇ?

ತಲೆಯೆತ್ತಿದರೆ ಬಾಗಿಲಲ್ಲಿ ತಂಗಿ ನಿಂತಿದ್ದಳು. ಮಿಷನ್ ಸದ್ದಿಗೆ ಎದ್ದು ಬಂದಿರಬೇಕು. ಎಲ್ಲ ಕೇಳಿಸಿಕೊಂಡಿದ್ದಾಳೆ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಮಗಳನ್ನು ಕರೆಯಲಿಲ್ಲ. ಮೆಲ್ಲಗೆ ಬಂದು ಬೆಂಚಿನ ಮೇಲೆ ಕೂತು, ನೈಟಿಯ ಮೇಲಿನ ಮೂರು ಗುಂಡಿ ಬಿಚ್ಚಿದಳು. ಎರಡು ವಾರದಿಂದ ಮಗಳು ಹೆದರುತ್ತಾಳೆಂದು ಕತ್ತಿನವರೆಗೆ ಮುಚ್ಚಿಕೊಂಡಿದ್ದ ಗೆರೆ ಅದು. ಈಗ ಅದು ಕೆಂಪೂ ಅಲ್ಲದ ಕಂದೂ ಅಲ್ಲದ ಬಣ್ಣಕ್ಕೆ ತಿರುಗಿತ್ತು.

ಬಟಾಣಿ ಈ ಸಲ ಓಡಿಹೋಗಲಿಲ್ಲ. ಹತ್ತಿರವೂ ಹೋಗಲಿಲ್ಲ. ಇದ್ದಲ್ಲಿಂದಲೇ ಕಣ್ಣು ಕಿರಿದು ಮಾಡಿ, ದಾರವೇ ಕಾಣುವುದಿಲ್ಲವಲ್ಲ ಎಂದು ಕೇಳಿದಳು. ದಾರ ಕರಗಿಹೋಯಿತು, ಅದು ಕರಗುವಷ್ಟರಲ್ಲಿ ಚರ್ಮ ತಾನೇ ಕೂಡಿಕೊಂಡಿರುತ್ತದೆ ಎಂದಳು ತಂಗಿ. ಬಟಾಣಿಗೆ ಆ ಉತ್ತರ ಸಾಲಲಿಲ್ಲ. ಒಂದೇ ಸಾಲಾ ಎಂದು ಕೇಳಿದಳು.

"ಎರಡು," ಎಂದಳು ತಂಗಿ. "ಮೇಲೆ ಚರ್ಮಕ್ಕೆ ಒಂದು. ಒಳಗೆ ಮೂಳೆಗೆ ಇನ್ನೊಂದು, ಅದಕ್ಕೆ ದಾರ ಅಲ್ಲ, ಉಕ್ಕಿನ ತಂತಿ ಹಾಕಿ ಬಿಗಿದಿದಾರೆ. ಅದನ್ನ ತೆಗೆಯೋದೇ ಇಲ್ಲವಂತೆ. ನಾನು ಇರೋವರೆಗೂ ಇರುತ್ತೆ."

"ಮತ್ತೆ ಅವತ್ತು ಯಾಕೆ ಮುಟ್ಟಬೇಡ ಅಂತ ಕೂಗಿದೆ?"

"ಅವತ್ತು ನಾನು ಈಗಷ್ಟೇ ಒಲೆಯಿಂದ ತೆಗೆದ ಬಿಸ್ಕತ್ತು ಕಣೆ. ಈಗ ಸ್ವಲ್ಪ ಆರಿದೀನಿ. ಇನ್ನೂ ಸ್ವಲ್ಪ ಆರಬೇಕು. ಮುಂದಿನಿಂದ ಬೇಡ, ಪಕ್ಕದಿಂದ ಆದ್ರೆ ಪರವಾಗಿಲ್ಲ."

ಬಟಾಣಿ ನನ್ನ ಕಡೆ ತಿರುಗಿ, ನನ್ನ ಸ್ಟಿಕ್ಕರ್ ಕೊಡು ಎಂದಳು. ಕುರ್ಚಿ ಹತ್ತಿ ಬೀರುವಿನ ಮೇಲಿಂದ ಸುರುಳಿಗಳನ್ನು ಇಳಿಸಿ ಕೊಟ್ಟೆ. ಅವಳು ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು, ಅಮ್ಮನ ಮುಂದೆ ಬಂದು ನಿಂತಳು. ಎರಡು ವಾರದ ಮೇಲೆ ಕೈಗೆಟುಕುವಷ್ಟು ಹತ್ತಿರ. ಚೆಕಿಂಗ್ ಮೇಜಿನವರು ಮಾಡುತ್ತಾರೆಂದು ನಾನು ಹೇಳಿದ್ದಂತೆಯೇ, ಒಂದು ಬೆರಳ ತುದಿಯನ್ನು ಗೆರೆಯ ಮೇಲ್ತುದಿಗೆ ಇಟ್ಟು, ನಿಧಾನವಾಗಿ ಕೆಳಗೆ ಇಳಿಸಿದಳು. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ತಂಗಿ ಉಸಿರು ಬಿಗಿಹಿಡಿದಿದ್ದಳು, ನಾನೂ. ಕೆಳಗಿನವರೆಗೆ ಹೋಗಿ, ಮತ್ತೆ ಮೇಲಕ್ಕೆ ಬಂದು, ಬಟಾಣಿ ಸುರುಳಿಯಿಂದ ಹಸಿರು ದುಂಡು ಸ್ಟಿಕ್ಕರ್ ಒಂದನ್ನು ಕಿತ್ತು ಅಮ್ಮನ ಕಾಲರಿನ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದಳು.

"ಪಾಸು," ಎಂದಳು.

ಆಮೇಲೆ ಬೆಂಚಿನ ಪಕ್ಕದಿಂದ ಹತ್ತಿ, ಅಮ್ಮನ ತೋಳಿನ ಕೆಳಗೆ ನುಸುಳಿ, ಭುಜದ ಬಳಿ ತಲೆಯಿಟ್ಟಳು. ಮೊದಮೊದಲು ಹಗುರವಾಗಿಯೇ ಇದ್ದಳು. ಆಮೇಲೆ ಎರಡು ವಾರದ್ದು ಒಟ್ಟಿಗೆ ಉಕ್ಕಿಬಂದು, ಎರಡೂ ಕೈಯಿಂದ ಅಮ್ಮನನ್ನು ಅಪ್ಪಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಅಳುವಿನ ನಡುವೆಯೇ ತಲೆಯೆತ್ತಿ, ನೋವಾಗುತ್ತಾ ಎಂದು ಕೇಳಿದಳು. ಇಲ್ಲ, ಒಂಚೂರೂ ಇಲ್ಲ ಎಂದಳು ತಂಗಿ.

ನೋವಾಗುತ್ತಿತ್ತು. ಮಗುವಿನ ತಲೆಯ ಮೇಲಿಂದ ತಂಗಿಯ ಮುಖ ನನಗೆ ಕಾಣುತ್ತಿತ್ತು. ಹಲ್ಲು ಕಚ್ಚಿಕೊಂಡಿದ್ದಳು, ಹಣೆಯ ನರ ಎದ್ದಿತ್ತು, ಕಣ್ಣಲ್ಲಿ ನೀರು ತುಂಬಿತ್ತು, ಆದರೂ ತೋಳನ್ನು ಸಡಿಲ ಬಿಡಲಿಲ್ಲ. ಸಾಕು ಬಿಡೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಇಪ್ಪತ್ತೇಳು ವರ್ಷದಲ್ಲಿ ಯಾವ ತಪ್ಪನ್ನೂ ನಾನು ಕಂಡು ಸುಮ್ಮನಿದ್ದವಳಲ್ಲ. ಅವತ್ತು ಕಂಡೆ, ಪಾಸು ಮಾಡಿದೆ.

ಮಿಷನ್ನಿನ ಕಡೆ ತಿರುಗಿ ಕೂತು ಉಳಿದ ಅರ್ಧಗಳನ್ನು ಒಂದೊಂದಾಗಿ ಕೂಡಿಸತೊಡಗಿದೆ, ಒಂದೊಂದಕ್ಕೂ ಎರಡು ಸಾಲು. ಮೂವತ್ತನಾಲ್ಕು ಸರಿಯಾಗಿ ಬಂದವು. 'ಅಂಚೆ ಚೀಟಿ'ಯಾಗಿ ಹರಿದದ್ದನ್ನು ಹೊಸದಾಗಿ ಬೆರಳಗಲ ಏರಿಸಿ ಹೊಲಿದೆ, ಸ್ವಲ್ಪ ತೆಳ್ಳಗಾಯಿತು, ಟೀಚರಿಗೆ ಇರಲಿ ಎಂದು ಎತ್ತಿಟ್ಟೆ. ಇನ್ನು ಉಳಿದದ್ದು ಹಲ್ಲಿಗೆ ಸಿಕ್ಕಿ ಕಿವಿ ಹರಿದದ್ದು. ಅದನ್ನು ಬಿಸಾಡಬೇಡ, ಅದು ಮನೆಯದು, ಅಮ್ಮನಿಗೆ ಎಂದು ಬಟಾಣಿ ಅಮ್ಮನ ಕಂಕುಳಿನಿಂದಲೇ ಕೂಗಿ ಹೇಳಿದಳು. ಫ್ರಿಜ್ಜಿನಲ್ಲಿದ್ದ ಹಿಟ್ಟು ಅಷ್ಟರಲ್ಲಿ ಗಟ್ಟಿಯಾಗಿತ್ತು. ಈ ಸಲ ಮಾರ್ಜಿನ್ ಬಿಡದೆ ಕೊರೆದೆ.